ನಿಮಗೆ ಬ್ರದರ್ ಎಷ್ಟು ಜನ? ಕಾಮಾ ಹೇಳುತ್ತದೆ

ಪುಣೆಯಲ್ಲೋ ದೆಹಲಿಯಲ್ಲೋ ಮಕ್ಕಳ ಇಂಗ್ಲಿಷ್ ಹೋಂವರ್ಕ್ ನೋಡಲು ಕೂತ ನಮ್ಮ ಅಪ್ಪ-ಅಮ್ಮಂದಿರಿಗೆ ಒಂದಲ್ಲ ಒಂದು ದಿನ 'ಅಪಾಸಿಟಿವ್' ಎಂಬ ಪಾಠ ಎದುರಾಗುತ್ತದೆ. ಹೆಸರು ದೊಡ್ಡದು, ವಿಷಯ ಚಿಕ್ಕದು. ಒಂದು ನಾಮಪದದ ಪಕ್ಕದಲ್ಲೇ ನಿಂತು, ಅದೇ ವ್ಯಕ್ತಿಯನ್ನೋ ವಸ್ತುವನ್ನೋ ಇನ್ನೊಂದು ಬಗೆಯಲ್ಲಿ ಗುರುತಿಸುವ ನಾಮಪದ ಅದು. ಜೊತೆಗೆ ನಾಲ್ಕು ಪದ ಸೇರಿಕೊಂಡರೆ ಅಪಾಸಿಟಿವ್ ಫ್ರೇಸ್.

ನಾವು ವಿವರವನ್ನು ಮುಂದಿಟ್ಟು ಹೆಸರನ್ನು ಆಮೇಲೆ ಹೇಳುವವರು: 'ಜ್ಞಾನಪೀಠ ಪಡೆದ ಮೊದಲ ಕನ್ನಡ ಸಾಹಿತಿ ಕುವೆಂಪು 1904ರಲ್ಲಿ ಹುಟ್ಟಿದರು.' ಇಂಗ್ಲಿಷ್ ಹೆಚ್ಚಾಗಿ ಹೆಸರಿನಿಂದ ಶುರುವಾಗುತ್ತದೆ: 'ಕುವೆಂಪು, ದ ಫಸ್ಟ್ ಕನ್ನಡ ರೈಟರ್ ಟು ವಿನ್ ದ ಜ್ಞಾನಪೀಠ, ವಾಸ್ ಬಾರ್ನ್ ಇನ್ 1904.' ನಡುವಿನ ವಿವರ ತೆಗೆದರೂ ವಾಕ್ಯ ಕೆಡುವುದಿಲ್ಲ. ಅದಕ್ಕೇ ಎರಡೂ ಬದಿಗೆ ಕಾಮಾ. ಬರೆಯುವ ಭರದಲ್ಲಿ ಬಿಟ್ಟುಹೋಗುವುದು ಎರಡನೆಯದು. ಮಕ್ಕಳ ಪುಸ್ತಕದಲ್ಲಿ ಮೊದಲು ಅದನ್ನು ಹುಡುಕಿ.

ನಿಜವಾದ ಪೇಚು ಬರುವುದು ನೆಂಟಸ್ತಿಕೆಯಲ್ಲಿ. 'ಮೈ ಬ್ರದರ್, ರವಿ, ಲಿವ್ಸ್ ಇನ್ ಠಾಣೆ' ಎಂದು ಕಾಮಾ ಹಾಕಿ ಬರೆದರೆ ನನಗಿರುವ ಬ್ರದರ್ ಒಬ್ಬನೇ, ಹೆಸರು ಬರೀ ಹೆಚ್ಚಿನ ಮಾಹಿತಿ ಎಂದರ್ಥ. ಕಾಮಾ ಇಲ್ಲದೆ 'ಮೈ ಬ್ರದರ್ ರವಿ' ಎಂದರೆ ಬ್ರದರ್‌ಗಳು ಬೇರೆಯೂ ಇರಬಹುದು, ನಾನು ಹೇಳುತ್ತಿರುವುದು ರವಿಯ ಮಾತು. ಈಗ ನಿಮಗೆ ಒಬ್ಬ ಅಣ್ಣ, ಒಬ್ಬ ತಮ್ಮ ಇದ್ದಾರೆ ಅಂದುಕೊಳ್ಳಿ. 'ನನ್ನ ತಮ್ಮ' ಎಂದರೆ ಕನ್ನಡದಲ್ಲಿ ಯಾರೆಂದು ಕೇಳುವ ಪ್ರಮೇಯವೇ ಇಲ್ಲ. ಇಂಗ್ಲಿಷಿಗೆ ಇಬ್ಬರೂ ಬ್ರದರ್! ಹಾಗಾಗಿ 'ಮೈ ಬ್ರದರ್ ರವಿ'ಗೆ ಕಾಮಾ ಬೇಡ. 'ಮೈ ಯಂಗರ್ ಬ್ರದರ್, ರವಿ,' ಎಂದರೆ ಬೇಕು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ನುಂಗಿಕೊಂಡ 'ಅಂಕಲ್' ಪಾಡೂ ಇದೇ. ಕನ್ನಡದ ನೆಂಟಸ್ತಿಕೆಯ ಪದವೇ ಮಾಡಿಬಿಡುವ ಕೆಲಸವನ್ನು ಅಲ್ಲಿ ಕಾಮಾ ಮಾಡಬೇಕು.

ಎಲ್ಲರೂ ಇಷ್ಟು ಬಿಗಿಯಾಗಿ ಪಾಲಿಸುತ್ತಾರೆಂದೇನಲ್ಲ. 'ಮೈ ವೈಫ್ ಸುಧಾ' ಎಂದು ಕಾಮಾ ಇಲ್ಲದೆ ಬರೆದ ಗಂಡನನ್ನು ಯಾರೂ ಎರಡನೇ ಸಂಸಾರದ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಫ್ಲ್ಯಾಟಿನ ವಿಲ್ ಬರೆಸುವಾಗ ಮಾತ್ರ ಕಾಮಾವನ್ನೇ ನಂಬಿ ಕೂರಬೇಡಿ. ಯಂಗರೋ ಎಲ್ಡರೋ ಸ್ಪಷ್ಟವಾಗಿ ಬರೆಸಿ, ಪೂರ್ತಿ ಹೆಸರೂ ಇರಲಿ.