ಟಿ.ವಿ. ಶೋಕೇಸ್ ಮಾಡಿಸುವ ಮುನ್ನ...

ನಿಮ್ಮ ಮನೆಗೆ ಬಂದ ಅತಿಥಿಗಳ ಕಣ್ಣಿಗೆ ಮೊದಲು ಬೀಳುವುದು ಯಾವುದು? ಹೆಚ್ಚಿನ ಮನೆಗಳಲ್ಲಿ ಅದು ಹಾಲ್‌ನ ಎದುರುಗೋಡೆಯ ಟಿ.ವಿ. ಶೋಕೇಸ್. ಮಧ್ಯದಲ್ಲಿ ಟಿ.ವಿ., ಅದರ ಕೆಳಗೆ ಸೆಟ್‌ಟಾಪ್ ಬಾಕ್ಸ್ ಮತ್ತು ಹೋಮ್ ಥಿಯೇಟರ್‌ನ ಪೆಟ್ಟಿಗೆ, ಎರಡು ಬದಿಯಲ್ಲಿ ಸ್ಪೀಕರ್, ಮೇಲೆ ಗಾಜಿನ ಬಾಗಿಲಿನ ಹಿಂದೆ ಮಕ್ಕಳ ಶಾಲೆಯ ಕಪ್‌ಗಳು. ಮನೆ ಕಟ್ಟಿಸುವಾಗ ಅಡುಗೆಮನೆಯ ನಂತರ ಮರಗೆಲಸಕ್ಕೆ ಹೆಚ್ಚು ದುಡ್ಡು ಹೋಗುವುದು ಸಾಮಾನ್ಯವಾಗಿ ಈ ಗೋಡೆಗೇ.

ಆದರೆ ಸಹೋದರಿಯರೇ, ಅದನ್ನು ಮಾಡಿಸುವಾಗ ನಾವು ಕೇಳುವ ಪ್ರಶ್ನೆ ಒಂದೇ: ‘ನೋಡಲು ಹೇಗೆ ಕಾಣುತ್ತದೆ?’ ಬಣ್ಣ, ಸನ್‌ಮೈಕಾ, ಒಳಗಿನ ಲೈಟು ಇವುಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಒಳಗಿಡುವ ಯಂತ್ರಕ್ಕೆ ಗಾಳಿ ಸಿಗುತ್ತದೆಯೇ, ಮಗು ಹತ್ತಿದರೆ ಅದು ಬೀಳುತ್ತದೆಯೇ, ಹಿಂದಿನ ವೈರಿಗೆ ಕೈ ಹೋಗುತ್ತದೆಯೇ ಎಂದು ಕೇಳುವುದಿಲ್ಲ. ದಿನವಿಡೀ ಆ ಹಾಲ್‌ನಲ್ಲಿ ಓಡಾಡುವವರು, ಧೂಳು ಒರೆಸುವವರು, ಮಗುವಿನ ಮೇಲೆ ಕಣ್ಣಿಡುವವರು ನಾವೇ. ಆದ್ದರಿಂದ ಬಡಗಿ ಅಳತೆ ಪಟ್ಟಿ ಹಿಡಿಯುವ ಮೊದಲು ಈ ಮೂರು ಪ್ರಶ್ನೆಗಳನ್ನು ನಾವೇ ಕೇಳಬೇಕು.

ಅಂದಿನ ಪೆಟ್ಟಿಗೆ, ಇಂದಿನ ಗೋಡೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣದ ಟಿ.ವಿ. ಬಂತು. ಆಗಿನ ಹಲವು ಟಿ.ವಿ.ಗಳು ಮರದ ಪೆಟ್ಟಿಗೆ ಮತ್ತು ಸರಿಸುವ ಬಾಗಿಲಿನೊಂದಿಗೇ ಬರುತ್ತಿದ್ದವು. ಕಾರ್ಯಕ್ರಮ ಮುಗಿದ ಕೂಡಲೇ ಬಾಗಿಲು ಎಳೆದು ಬೀಗ ಹಾಕುತ್ತಿದ್ದ ಅಜ್ಜಂದಿರು ನಮ್ಮಲ್ಲಿ ಹಲವರಿಗೆ ನೆನಪಿದ್ದಾರೆ.

ನಂತರ 29 ಇಂಚಿನ ದಪ್ಪ ಟಿ.ವಿ.ಗಳ ಕಾಲ ಬಂತು. ಒಂದೊಂದೂ 40 ಕಿಲೋ ಆಸುಪಾಸು ತೂಗುತ್ತಿತ್ತು. ಅದಕ್ಕಾಗಿ ಎರಡು ಅಡಿ ಆಳದ ಶೋಕೇಸ್ ಬೇಕಾಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳಿಗೆ ಹೋದರೆ ಅಂಥ ಗೂಡುಗಳನ್ನು ಇಂದಿಗೂ ಕಾಣಬಹುದು. ಟಿ.ವಿ. ಗೋಡೆಗೆ ಹೋಗಿದೆ, ಗೂಡಿನಲ್ಲಿ ಹೂದಾನಿ ಕುಳಿತಿದೆ! ಯಂತ್ರದ ಆಯುಷ್ಯ ಏಳೆಂಟು ವರ್ಷ, ಮರಗೆಲಸದ ಆಯುಷ್ಯ ಇಪ್ಪತ್ತು ವರ್ಷ. ಇಂದಿನ ಟಿ.ವಿ.ಯ ಅಳತೆಗೆ ಸರಿಯಾಗಿ ಗೂಡು ಕೊರೆಸಿದರೆ ನಾಳೆಯ ಟಿ.ವಿ. ಅದರಲ್ಲಿ ಹಿಡಿಸುವುದಿಲ್ಲ. ಸುತ್ತಲೂ ಕನಿಷ್ಠ ಆರು ಇಂಚು ಜಾಗ ಬಿಡಿಸಿ.

ಮೊದಲು ಯಂತ್ರ, ಆಮೇಲೆ ಅಳತೆ

ಯಂತ್ರಗಳನ್ನು ಕೊಂಡ ನಂತರ, ಅಥವಾ ಕನಿಷ್ಠ ಆಯ್ಕೆ ಮಾಡಿದ ನಂತರವೇ ಕಪಾಟಿನ ಅಳತೆ ತೆಗೆಯಬೇಕು. 43 ಇಂಚಿನ ಟಿ.ವಿ. ಎಂದರೆ ಅದರ ಪರದೆ ಮೂಲೆಯಿಂದ ಮೂಲೆಗೆ 43 ಇಂಚು. ಟಿ.ವಿ.ಯ ಅಗಲ ಸುಮಾರು 38 ಇಂಚು, ಎತ್ತರ ಸುಮಾರು 22 ಇಂಚು. 55 ಇಂಚಿನದ್ದಾದರೆ ಅಗಲ ನಾಲ್ಕು ಅಡಿ ದಾಟುತ್ತದೆ.

ಗೋಡೆಗೆ ಹಾಕುವಾಗ ಫೋಟೋದಂತೆ ಎತ್ತರದಲ್ಲಿ ತೂಗುಹಾಕುವ ಅಭ್ಯಾಸವಿದೆ. ಇದರಿಂದ ಕತ್ತು ನೋವು ತಪ್ಪದು. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 40 ಇಂಚು ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೇ ಬರಲಿ. ಕುಳಿತುಕೊಳ್ಳುವ ದೂರ ಪರದೆಯ ಅಳತೆಯ ಒಂದೂವರೆ ಪಟ್ಟು ಇದ್ದರೆ ಸಾಕು. 43 ಇಂಚಿಗೆ ಐದೂವರೆ ಅಡಿ, 55 ಇಂಚಿಗೆ ಏಳು ಅಡಿ. 20x30 ಸೈಟಿನ ಮನೆಯ ಸಣ್ಣ ಹಾಲ್‌ಗೆ ಯಾವ ಟಿ.ವಿ. ಸಾಕು ಎಂಬುದಕ್ಕೂ ಇದೇ ಉತ್ತರ.

ಹೋಮ್ ಥಿಯೇಟರ್‌ನ ದೊಡ್ಡ ಆಂಪ್ಲಿಫೈಯರ್ ಇದ್ದರೆ ಅದರ ಆಳವೇ ಸುಮಾರು 15 ಇಂಚು. ಹಿಂದೆ ಚುಚ್ಚುವ ವೈರುಗಳಿಗೆ ಇನ್ನೂ ಮೂರು ನಾಲ್ಕು ಇಂಚು ಬೇಕು. ಬಡಗಿ ರೂಢಿಯಂತೆ 12 ಅಥವಾ 15 ಇಂಚಿನ ಹಲಗೆ ಹಾಕಿಬಿಟ್ಟರೆ ಯಂತ್ರ ಅರ್ಧ ಹೊರಗೆ ಇಣುಕುತ್ತದೆ.

ಕಪಾಟು ಉಸಿರಾಡಬೇಕು

ಆಂಪ್ಲಿಫೈಯರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲ್ಭಾಗದಲ್ಲಿ ಸೀಳುಗಳಿರುವುದು ಆ ಬಿಸಿ ಹೊರಹೋಗಲಿ ಎಂದೇ. ಅದನ್ನು ಮುಚ್ಚಿದ ಕಪಾಟಿನಲ್ಲಿಟ್ಟು, ಮೇಲೆ ಕಸೂತಿ ಬಟ್ಟೆ ಹೊದಿಸಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡುವುದು ಅದರ ಮೂಗು ಮುಚ್ಚಿದಂತೆ. ಒಳಗಿನ ಕೆಪ್ಯಾಸಿಟರ್ ಎಂಬ ಬಿಡಿಭಾಗದ ಆಯುಷ್ಯ, ಬಿಸಿ ಪ್ರತಿ 10 ಡಿಗ್ರಿ ಏರಿದಾಗಲೂ ಸುಮಾರಾಗಿ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ‘ಒಳ್ಳೆ ಕಂಪನಿಯದ್ದು, ಆದರೂ ಎರಡೇ ವರ್ಷಕ್ಕೆ ಹಾಳಾಯಿತು’ ಎಂಬ ದೂರಿಗೆ ಎಷ್ಟೋ ಸಲ ಈ ಬಿಸಿಯೇ ಕಾರಣ.

ಪರಿಹಾರ ಕಷ್ಟವಲ್ಲ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಮೇಲೆ, ಪಕ್ಕ, ಹಿಂದೆ ಎಷ್ಟು ಜಾಗ ಬಿಡಬೇಕೆಂದು ಬರೆದಿರುತ್ತದೆ. ಅದನ್ನು ಬಡಗಿಗೆ ತೋರಿಸಿ. ದೊಡ್ಡ ಆಂಪ್ಲಿಫೈಯರ್ ಆದರೆ ಅದನ್ನು ತೆರೆದ ಅರೆಯಲ್ಲಿ, ಎಲ್ಲಕ್ಕಿಂತ ಮೇಲೆ ಇಡುವುದು ಉತ್ತಮ. ಬಿಸಿ ಗಾಳಿ ಮೇಲೇರುತ್ತದೆ, ತಂಪು ಗಾಳಿ ಕೆಳಗಿನಿಂದ ಬರುತ್ತದೆ. ಆದ್ದರಿಂದ ಹಲಗೆಯ ಕೆಳಗೂ ಮೇಲೂ ತೂತುಗಳಿರಲಿ, ಒಂದೇ ಕಡೆ ಇದ್ದರೆ ಸಾಲದು. ಬಾಗಿಲು ಬೇಕೇ ಬೇಕೆಂದರೆ ಜಾಲರಿಯ ಬಾಗಿಲು ಅಥವಾ ಬೆತ್ತದ ಹೆಣಿಗೆಯ ಬಾಗಿಲು ಹಾಕಿಸಿ. ಗಟ್ಟಿ ಮರದ ಬಾಗಿಲಿನ ಮೂಲಕ ರಿಮೋಟ್ ಕೂಡ ಕೆಲಸ ಮಾಡುವುದಿಲ್ಲ.

ಧ್ವನಿಗೂ ಇದೇ ಮಾತು. ಬಾಸ್ ಸ್ಪೀಕರನ್ನು ಕಪಾಟಿನೊಳಗೆ ಇಟ್ಟರೆ ಹಲಗೆಗಳೆಲ್ಲ ಗುಂಯ್‌ಗುಟ್ಟುತ್ತವೆ. ಅದು ನೆಲದ ಮೇಲೆ ಇರಲಿ. ಮಧ್ಯದ ಸ್ಪೀಕರ್ ಅರೆಯ ಅಂಚಿಗೆ ಬಂದಿರಲಿ. ಸಂಭಾಷಣೆ ಸ್ಪಷ್ಟವಾಗಿ ಕೇಳಿದರೆ ವಾಲ್ಯೂಮ್ ಏರಿಸುವ ಅಗತ್ಯವಿಲ್ಲ. ಪಕ್ಕದ ಮನೆಯವರಿಗೂ ನೆಮ್ಮದಿ.

ಮಗುವಿಗೆ ಅದು ಮೆಟ್ಟಿಲು

ಇದು ಈ ಲೇಖನದ ಅತಿ ಮುಖ್ಯ ಭಾಗ. ದಯವಿಟ್ಟು ಗಮನವಿಟ್ಟು ಓದಿ.

ಎರಡು ವರ್ಷದ ಮಗುವಿನ ಕಣ್ಣಿನಿಂದ ನಿಮ್ಮ ಶೋಕೇಸನ್ನು ಒಮ್ಮೆ ನೋಡಿ. ಕೆಳಗೆ ಒಂದರ ಮೇಲೊಂದು ಮೂರು ಡ್ರಾಯರ್. ಎಳೆದರೆ ಅವೇ ಮೆಟ್ಟಿಲು. ಮೇಲೆ ರಿಮೋಟ್, ಚಾಕೊಲೇಟ್ ಡಬ್ಬಿ, ಆಟದ ಕಾರು. ಡ್ರಾಯರ್‌ಗಳು ತೆರೆದುಕೊಂಡು ಅದರ ಮೇಲೆ ಮಗುವಿನ ಭಾರ ಬಿದ್ದರೆ ಇಡೀ ಕಪಾಟಿನ ತೂಕ ಮುಂದಕ್ಕೆ ವಾಲುತ್ತದೆ. ಮೇಲಿರುವ ಟಿ.ವಿ. ಸಮೇತ ಅದು ಮಗುವಿನ ಮೇಲೆ ಬೀಳಲು ಒಂದೆರಡು ಸೆಕೆಂಡು ಸಾಕು. ನಾವು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ. 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಕಿಯಾ ಸಂಸ್ಥೆ ಸುಮಾರು 2 ಕೋಟಿ 90 ಲಕ್ಷ ಡ್ರಾಯರ್ ಕಪಾಟುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಗೋಡೆಗೆ ಬಿಗಿಯದೆ ಇಟ್ಟಿದ್ದ ಕಪಾಟುಗಳು ಉರುಳಿ ಮಕ್ಕಳು ಸತ್ತಿದ್ದರು. ಕಳೆದುಕೊಂಡ ತಂದೆತಾಯಂದಿರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2022ರ ಡಿಸೆಂಬರ್‌ನಲ್ಲಿ ಅಲ್ಲಿ ಬಟ್ಟೆ ಕಪಾಟುಗಳು ಉರುಳದಂತಿರಬೇಕೆಂಬ ಕಾನೂನೇ ಬಂತು. ಅದೇ ಸಂಸ್ಥೆ 2022ರ ಜೂನ್‌ನಲ್ಲಿ ನಮ್ಮ ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಮಳಿಗೆ ತೆರೆದಿದೆ. ಅಲ್ಲಿ ಕೊಳ್ಳುವ ಎತ್ತರದ ಕಪಾಟುಗಳ ಜೊತೆ ಗೋಡೆಗೆ ಬಿಗಿಯುವ ಕೊಂಡಿ ಬರುತ್ತದೆ. ಆದರೆ ನಮ್ಮ ಬಡಗಿ ಮನೆಯಲ್ಲೇ ಮಾಡಿಕೊಡುವ ಶೋಕೇಸಿಗೆ ಅಂಥ ಕೊಂಡಿ ತಾನಾಗಿ ಬರುವುದಿಲ್ಲ. ನಾವು ಕೇಳಿ ಹಾಕಿಸಿಕೊಳ್ಳಬೇಕು.

ಎತ್ತರದ ಕಪಾಟಿನ ಮೇಲ್ತುದಿಯಲ್ಲಿ ‘ಎಲ್’ ಆಕಾರದ ಎರಡು ಕಬ್ಬಿಣದ ಕ್ಲಾಂಪ್ ಹಾಕಿ, ಗೋಡೆಗೆ ಸ್ಕ್ರೂ ಬಿಗಿಸಿದರೆ ಆಯಿತು. ಇಟ್ಟಿಗೆ ಗೋಡೆಗೆ ಸಾಮಾನ್ಯ ರಾಲ್ ಪ್ಲಗ್ ಸಾಕು. ಕೆಂಗೇರಿ ಕಡೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಟೊಳ್ಳು ಬ್ಲಾಕಿನ ಅಥವಾ ಹಗುರ ಬ್ಲಾಕಿನ ಗೋಡೆ ಇದ್ದರೆ ಅದಕ್ಕೆಂದೇ ಬೇರೆ ಬಗೆಯ ಪ್ಲಗ್ ಸಿಗುತ್ತದೆ. ಟಿ.ವಿ. ಗೋಡೆಗೆ ಹಾಕಿರದೆ ಕಾಲುಗಳ ಮೇಲೆ ನಿಂತಿದ್ದರೆ ಅದನ್ನೂ ಪಟ್ಟಿಯಿಂದ ಹಿಂದಕ್ಕೆ ಬಿಗಿಯಿರಿ. ಇಂದಿನ ಟಿ.ವಿ. ಹಗುರವಾಗಿರುವುದರಿಂದಲೇ ಮಗುವಿನ ಕೈಗೆ ಸುಲಭವಾಗಿ ಉರುಳುತ್ತದೆ. ಭಾರದ ಸಾಮಾನುಗಳು ಕೆಳಗಿರಲಿ. ಮಗುವಿಗೆ ಇಷ್ಟವಾದದ್ದು ಯಾವುದೂ ಟಿ.ವಿ.ಯ ಮೇಲೆ ಅಥವಾ ಪಕ್ಕದಲ್ಲಿ ಬೇಡ. ಗಾಜಿನ ಬಾಗಿಲಾದರೆ ಟಫನ್ಡ್ ಗ್ಲಾಸೇ ಬೇಕೆಂದು ಹೇಳಿ. ಒಡೆದರೂ ಚೂಪಾದ ಚೂರಾಗುವುದಿಲ್ಲ.

ವೈರಿನ ಜಡೆ

ಶೋಕೇಸಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ಕೂದಲು ಬಾಚದ ಜಡೆಯಂತೆ ವೈರುಗಳು! ಒಂದು ಪ್ಲಗ್ಗಿಗೆ ಮೂರು ಪಿನ್ನು, ಅದಕ್ಕೊಂದು ಎಕ್ಸ್‌ಟೆನ್ಷನ್, ಅದಕ್ಕೆ ಇನ್ನೊಂದು. ಬೆಂಕಿಗೆ ಇದು ಆಹ್ವಾನ. ಗೋಡೆಗೆ ಸಾರಣೆ ಮಾಡುವ ಮೊದಲೇ ಐದಾರು ಪ್ಲಗ್ ಪಾಯಿಂಟ್ ಕೇಳಿ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಟಿ.ವಿ.ಯಿಂದ ಕಪಾಟಿಗೆ ವೈರು ಇಳಿಸಲು ಗೋಡೆಯೊಳಗೆ ಎರಡು ಇಂಚಿನ ಪೈಪ್ ಹಾಕಿಸಿ. ಸಣ್ಣ ಪೈಪಿನಲ್ಲಿ ಎಚ್.ಡಿ.ಎಂ.ಐ. ವೈರಿನ ತಲೆ ತೂರುವುದಿಲ್ಲ. ಕರೆಂಟಿನ ವೈರಿಗೆ ಬೇರೆ ಪೈಪ್ ಇರಲಿ.

ಎಲ್ಲವನ್ನೂ ಒಂದೇ ಸಲ ಆರಿಸುವ ಸ್ವಿಚ್ಚು ಕಪಾಟಿನ ಹೊರಗೆ, ನಿಮ್ಮ ಕೈಗೆ ಸಿಗುವಲ್ಲಿರಲಿ. ರಿಮೋಟಿನಿಂದ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಕರೆಂಟು ಕುಡಿಯುತ್ತಲೇ ಇರುತ್ತದೆ. 10 ವ್ಯಾಟ್ ಎಂದಿಟ್ಟುಕೊಂಡರೂ ದಿನವಿಡೀ ಉರಿದರೆ ತಿಂಗಳಿಗೆ 7 ಯೂನಿಟ್ ದಾಟುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮಿತಿಯ ಅಂಚಿನಲ್ಲಿರುವ ಮನೆಗೆ ಈ ಏಳು ಯೂನಿಟ್ಟೂ ಲೆಕ್ಕಕ್ಕೆ ಬರುತ್ತದೆ.

ಹಲಗೆ, ಬಡಗಿ ಮತ್ತು ಬಜೆಟ್

ಪಶ್ಚಿಮ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಮರ, ಪ್ಲೈವುಡ್ ಅಂಗಡಿಗಳಿವೆ. ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶ ಮತ್ತು ಪೀಣ್ಯದಲ್ಲಿ ಕಬ್ಬಿಣದ ಕೆಲಸದ ಸಣ್ಣ ವರ್ಕ್‌ಶಾಪ್‌ಗಳಿವೆ. ಯಂತ್ರಗಳಿಗೆ ಮರದ ಕಪಾಟೇ ಆಗಬೇಕೆಂದಿಲ್ಲ. ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿ, ಹಲಗೆ ಕೂರಿಸಿದರೆ ನಾಲ್ಕು ಕಡೆಯೂ ಗಾಳಿಯಾಡುವ ರ‍್ಯಾಕ್ ಆಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ಆಕಾಶವಾಣಿ ಸ್ಟುಡಿಯೋಗಳಲ್ಲಿ ಯಂತ್ರಗಳನ್ನು ಇಂಥ ತೆರೆದ ಕಬ್ಬಿಣದ ರ‍್ಯಾಕಿನಲ್ಲೇ ಜೋಡಿಸುತ್ತ ಬಂದಿದ್ದಾರೆ. ಆ ರ‍್ಯಾಕಿನ 19 ಇಂಚಿನ ಅಗಲ ಇಂದಿಗೂ ಜಗತ್ತಿನೆಲ್ಲೆಡೆ ಒಂದೇ.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಐ.ಎಸ್.ಐ. ಗುರುತು ನೋಡಿ. ಐ.ಎಸ್. 303 ಎಂಬುದು ಸಾಮಾನ್ಯ ಬಳಕೆಯದ್ದು, ಐ.ಎಸ್. 710 ನೀರಿಗೆ ಹೆಚ್ಚು ತಡೆಯುವ ಮರೈನ್ ಪ್ಲೈ. ಹಾಲ್‌ನ ಒಣ ಗೋಡೆಗೆ ಮರೈನ್ ಪ್ಲೈ ಬೇಕಿಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಯಾದರೆ ಮಾತ್ರ ಯೋಚಿಸಿ. ಆಗಲೂ ಗೋಡೆಯಿಂದ ಅರ್ಧ ಇಂಚು, ನೆಲದಿಂದ ಮೂರು ಇಂಚು ಬಿಟ್ಟು ನಿಲ್ಲಿಸಿ. ಗೆದ್ದಲು ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ, ಪೊರಕೆಯೂ ಹೋಗುತ್ತದೆ. ಪುಡಿಮರದ ಅಗ್ಗದ ಹಲಗೆ ನೀರು ತಾಗಿದರೆ ಉಬ್ಬುತ್ತದೆ, ಭಾರಕ್ಕೆ ಬಾಗುತ್ತದೆ. ಭಾರದ ಆಂಪ್ಲಿಫೈಯರ್ ಇಡುವ ಅರೆಗೆ ಕನಿಷ್ಠ 18 ಮಿ.ಮೀ. ದಪ್ಪದ ಪ್ಲೈ ಇರಲಿ.

ರಾಜಸ್ಥಾನ, ಉತ್ತರ ಪ್ರದೇಶ ಕಡೆಯಿಂದ ಬಂದ ಬಡಗಿಗಳು ಇಲ್ಲಿ ಬಹಳಷ್ಟು ಮಂದಿ ಇದ್ದಾರೆ. ಕೈಕೆಲಸ ಚೆನ್ನಾಗಿರುತ್ತದೆ. ಆದರೆ ಮಾತು ಬಾಯಲ್ಲೇ ಉಳಿಯದೆ ಕಾಗದಕ್ಕೆ ಬರಬೇಕು. ಚದರಡಿ ಲೆಕ್ಕ ಎಂದಾಗ ಮುಂಭಾಗದ ಅಗಲ ಎತ್ತರ ಮಾತ್ರವೋ, ಒಳಗಿನ ಹಲಗೆಗಳೂ ಸೇರುತ್ತವೆಯೋ ಎಂದು ಮೊದಲೇ ಕೇಳಿ. ಆರು ಅಡಿ ಅಗಲ, ಏಳು ಅಡಿ ಎತ್ತರದ ಶೋಕೇಸ್ ಮೊದಲ ಲೆಕ್ಕದಲ್ಲಿ 42 ಚದರಡಿ. ಎರಡನೆಯ ಲೆಕ್ಕದಲ್ಲಿ ಅದು ಎಷ್ಟೋ ಹೆಚ್ಚಾಗುತ್ತದೆ. ಪ್ಲೈ, ಕೀಲು, ಸನ್‌ಮೈಕಾ ಯಾವುದು ಎಂದು ಬರೆಸಿ. ಹಣವನ್ನು ಕೆಲಸ ಮುಂದುವರಿದಂತೆ ಕಂತಿನಲ್ಲಿ ಕೊಡಿ.

‘ಭಾಯ್, ಹಿಂದುಗಡೆ ಹಲಗೆ ಪೂರ್ತಿ ಮುಚ್ಚಬೇಡಿ.’

‘ಹಾಗೆ ಬಿಟ್ಟರೆ ಚೆನ್ನಾಗಿ ಕಾಣಲ್ಲ ಮೇಡಂ.’

‘ಹಿಂದುಗಡೆ ಯಾರು ನೋಡ್ತಾರೆ ಭಾಯ್? ವೈರು ಕೆಟ್ಟರೆ ಕೈ ಹಾಕುವವಳು ನಾನು.’

ಇಷ್ಟು ಹೇಳಲು ಸಂಕೋಚ ಬೇಡ. ಹಿಂದೆ ತೆಗೆಯಬಹುದಾದ ಹಲಗೆ ಇದ್ದರೆ ಮುಂದೆ ಪ್ರತಿ ರಿಪೇರಿಯೂ ಸುಲಭ.

ಬಾಡಿಗೆ ಅಥವಾ ಭೋಗ್ಯದ ಮನೆಯಲ್ಲಿದ್ದೀರಾ? ಗೋಡೆಗೆ ಅಂಟಿಸಿ ಮಾಡಿಸಿದ್ದು ಮನೆ ಬಿಡುವಾಗ ಅಲ್ಲೇ ಉಳಿಯುತ್ತದೆ. ಬಿಚ್ಚಿ ಜೋಡಿಸುವಂತೆ ಎರಡು ಮೂರು ತುಂಡುಗಳಲ್ಲಿ ಮಾಡಿಸಿ. ಪ್ರತಿ ತುಂಡೂ ನಿಮ್ಮ ಇಕ್ಕಟ್ಟಿನ ಮೆಟ್ಟಿಲಿನ ತಿರುವಿನಲ್ಲಿ ಹಾಯುತ್ತದೆಯೇ ಎಂದು ಅಳೆಯಿರಿ. ಗೋಡೆಯ ಎರಡು ಸ್ಕ್ರೂ ತೂತುಗಳನ್ನು ಮನೆ ಬಿಡುವಾಗ ಪುಟ್ಟಿ ಹಾಕಿ ಮುಚ್ಚಿಕೊಡಬಹುದು. ಅದಕ್ಕೆ ಹೆದರಿ ಕ್ಲಾಂಪ್ ಬಿಡಬೇಡಿ.

ಕೊನೆಗೊಂದು ಮಾತು. ನಮ್ಮ ಹಾಲ್ ಟಿ.ವಿ.ಗೆ ಮಾತ್ರ ಮೀಸಲಲ್ಲ. ಅತಿಥಿಗಳು ಕೂರುವುದೂ, ಮಕ್ಕಳು ಓದುವುದೂ, ನಮಾಝಿಗೆ ಚಾಪೆ ಹಾಸುವುದೂ ಅಲ್ಲೇ. ಟಿ.ವಿ.ಯ ಮುಂದೆ ಸರಿಸುವ ಜಾಲರಿ ಬಾಗಿಲು ಇದ್ದರೆ ಬೇಡವಾದಾಗ ಅದನ್ನು ಮರೆ ಮಾಡಬಹುದು. ಅಜ್ಜಂದಿರ ಬಾಗಿಲಿನ ಪೆಟ್ಟಿಗೆಯಲ್ಲಿ ಆ ಜಾಣ್ಮೆ ಇತ್ತು.

ನೆಂಟರ ಮನೆಯ ಶೋಕೇಸ್ ನೋಡಿ ಅದಕ್ಕಿಂತ ದೊಡ್ಡದು ಬೇಕೆಂದು ಚೀಟಿ ಹಣವನ್ನೆಲ್ಲ ಮರಕ್ಕೆ ಸುರಿಯಬೇಕಿಲ್ಲ. ಹೊಳಪಿನ ಸನ್‌ಮೈಕಾದಲ್ಲಿ ಸ್ವಲ್ಪ ಉಳಿಸಿ, ಆ ದುಡ್ಡನ್ನು ಗಟ್ಟಿ ಹಲಗೆ, ಸರಿಯಾದ ಪ್ಲಗ್ ಪಾಯಿಂಟ್ ಮತ್ತು ಎರಡು ಕ್ಲಾಂಪಿಗೆ ಹಾಕಿ. ಕ್ಲಾಂಪಿನ ಬೆಲೆ ಇಡೀ ಶೋಕೇಸಿನ ಖರ್ಚಿನ ಮುಂದೆ ಏನೂ ಅಲ್ಲ. ಶೋಕೇಸ್ ಈಗಾಗಲೇ ಮನೆಯಲ್ಲಿದ್ದರೆ, ಇವತ್ತೇ ಅದರ ಮೇಲ್ತುದಿಗೆ ಕೈಯಿಟ್ಟು ಮೆಲ್ಲಗೆ ಅಲುಗಿಸಿ ನೋಡಿ. ಅಲುಗಿದರೆ ನಾಳೆಯೇ ಬಡಗಿಯನ್ನು ಕರೆಯಿರಿ.