ಲಸಿಕೆಯ ಅನಂತರದ ಅನುಭವ: ಪ್ರತ್ಯಕ್ಷವೂ ಅನುಮಾನವೂ

ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಅದರ ವಿಷಯವಾಗಿ ಹೇಳಿಕೊಳ್ಳಲು ಏನೂ ಇಲ್ಲದವರು ವಿರಳ. ತೋಳು ಬಾತುದು, ಇರುಳೆಲ್ಲ ಮೈ ಕಾದುದು, ಕಂಕುಳಲ್ಲಿ ಗಂಟು ಕಟ್ಟಿದುದು, ಇವು ಮನೆಮನೆಯ ಮಾತು. ಇಂತಹ ಮಾತುಗಳನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಅಂಗೀಕರಿಸಬಹುದು? ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಅನುಭವಿಸಿದವನ ಮಾತೇ ಕೊನೆಯ ಮಾತು ಎಂಬುದು ಒಂದು. ಒಬ್ಬೊಬ್ಬರ ಅನುಭವಕ್ಕೆ ವಿಜ್ಞಾನದಲ್ಲಿ ಬೆಲೆಯೇ ಇಲ್ಲವೆಂಬುದು ಇನ್ನೊಂದು. ಇವೆರಡೂ ಸಾಧುವಲ್ಲವೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳಾಗಿ ಎಣಿಸಿದರು. ಈ ಭೇದವು ಇಲ್ಲಿ ನಮಗೆ ಬಹಳ ಉಪಯುಕ್ತವಾಗಿದೆ. 'ನನಗೆ ಜ್ವರ ಬಂದಿತು' ಎಂಬುದು ಪ್ರತ್ಯಕ್ಷ. ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. 'ಲಸಿಕೆಯಿಂದ ಜ್ವರ ಬಂದಿತು' ಎಂಬುದಾದರೋ ಅನುಮಾನ. ಅದು ನಿಲ್ಲಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಬೇಕು. ಲಸಿಕೆ ಇದ್ದೆಡೆ ಜ್ವರವಿರುವುದನ್ನು ತೋರಿಸಿದರೆ ಸಾಲದು. ಲಸಿಕೆ ಇಲ್ಲದೆಡೆ ಜ್ವರವಿಲ್ಲದಿರುವುದನ್ನು, ಅಥವಾ ಅದು ವಿರಳವಾಗಿರುವುದನ್ನು, ತೋರಿಸಬೇಕು.

ಮೊದಲು ಸಂಶಯಕ್ಕೆ ಎಡೆಯಿಲ್ಲದ ಒಂದು ಅನುಭವವನ್ನು ನೋಡೋಣ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆತನು ತೆಗೆದುಕೊಂಡ 10 ಘನ ಸೆಂಟಿಮೀಟರಿನ ಪ್ರಮಾಣವು ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಬಹಳ ಹೆಚ್ಚಿನದು. ಕೆಲವೇ ಗಂಟೆಗಳಲ್ಲಿ ಜ್ವರವೇರಿತು, ಚುಚ್ಚಿದೆಡೆ ನೋಯಿತು. ಕೆಲವು ದಿನಗಳಲ್ಲಿ ಎಲ್ಲವೂ ಇಳಿಯಿತು. ಆ ತಿಂಗಳ ಕೊನೆಯಲ್ಲಿ ಬೈಕುಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿದರು. ಮುಂದಿನ ದಿನಗಳಲ್ಲಿ ಲಸಿಕೆಯಿಲ್ಲದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಲಸಿಕೆಯಾದವರಲ್ಲಿ ಇಬ್ಬರಿಗೆ ತಗುಲಿತು, ಯಾರೂ ಸಾಯಲಿಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕಾಗ ಅಲ್ಲಿಯೂ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಯಿತು.

ಇಂತಹ ಜ್ವರದ ಕಾರಣವು ಈಗ ಸ್ಪಷ್ಟವಾಗಿದೆ. ಹೊಕ್ಕ ವಸ್ತು ಪರಕೀಯವೆಂದು ಗುರುತಿಸಿದ ರಕ್ಷಕ ಜೀವಕೋಶಗಳು ಇಂಟರ್‌ಲ್ಯೂಕಿನ್ ಮೊದಲಾದ ದ್ರವ್ಯಗಳನ್ನು ಸ್ರವಿಸುತ್ತವೆ. ಇವುಗಳ ಪ್ರೇರಣೆಯಿಂದ ಮಿದುಳಿನ ಹೈಪೊಥಾಲಮಸ್ ಭಾಗವು ದೇಹದ ಉಷ್ಣಮಾನವನ್ನು ಮೇಲಕ್ಕೇರಿಸುತ್ತದೆ. ನಮ್ಮಲ್ಲಿ ಅನೇಕರ ಎಡತೋಳಿನ ಮೇಲಿರುವ ಬಿ.ಸಿ.ಜಿ. ಕಲೆಯೂ ಇಂತಹುದೇ. ಚುಚ್ಚಿದ ಕೆಲವು ವಾರಗಳ ಮೇಲೆ ಅಲ್ಲಿ ಗುಳ್ಳೆಯೆದ್ದು, ಒಡೆದು, ಮೆಲ್ಲನೆ ಮಾಯುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ತಾಯಿಯು ಹೆದರುವುದು ಸಹಜ.

ಆದರೆ ಲಸಿಕೆಯ ಅನಂತರ ಸಂಭವಿಸಿದುದೆಲ್ಲವೂ ಲಸಿಕೆಯಿಂದಲೇ ಸಂಭವಿಸಿತೆನ್ನಲಾಗದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಕೆಡವಿತೆಂದು ಹೇಳಲು ಬಾರದು. ಫಿನ್ಲೆಂಡಿನ ವಿದ್ವಾಂಸರು ದಡಾರ, ಮಂಗಬಾವು, ರುಬೆಲ್ಲಾಗಳ ಲಸಿಕೆಯನ್ನು 581 ಜೊತೆ ಅವಳಿ ಮಕ್ಕಳಲ್ಲಿ ಪರೀಕ್ಷಿಸಿ 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವಳಿಗಳಲ್ಲಿ ಒಬ್ಬರಿಗೆ ಮೊದಲು ಲಸಿಕೆ, ಇನ್ನೊಬ್ಬರಿಗೆ ಹುಸಿಮದ್ದು. ಮೂರು ವಾರಗಳ ಮೇಲೆ ಅದಲುಬದಲು. ಯಾರಿಗೆ ಯಾವುದೆಂಬುದು ತಾಯಿತಂದೆಗಳಿಗೂ ತಿಳಿಯದು. ಜ್ವರ, ಕೆಮ್ಮು, ರಚ್ಚೆಗಳ ದೂರುಗಳು ಎರಡು ಕಡೆಯಿಂದಲೂ ಬಂದವು. ಕಳೆದು ನೋಡಿದಾಗ ನಿಜವಾಗಿ ಲಸಿಕೆಗೆ ಸಲ್ಲುವ ತೊಂದರೆಗಳು ಶೇಕಡಾ 0.5ರಿಂದ 4ರಷ್ಟು ಮಾತ್ರ ಉಳಿದವು. ಕೋವಿಡ್ ಲಸಿಕೆಗಳ 12 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿಯೂ, ಹುಸಿಮದ್ದು ಪಡೆದವರಲ್ಲಿ ಶೇಕಡಾ 35 ಮಂದಿ ಮೊದಲ ಚುಚ್ಚಿನ ಮೇಲೆ ತಲೆನೋವು, ಆಯಾಸ ಮೊದಲಾದುವನ್ನು ವರದಿಮಾಡಿದ್ದರು. ಇವರು ಸುಳ್ಳು ಹೇಳಿದರೆಂದು ಭಾವಿಸಬಾರದು. ತಲೆನೋವು ದಿಟವೇ, ಅದರ ಕಾರಣ ಮಾತ್ರ ಸೀಸೆಯಲ್ಲಿರಲಿಲ್ಲ. ನಿರೀಕ್ಷೆಯೂ ಆತಂಕವೂ ದೇಹದ ಮೇಲೆ ಪರಿಣಾಮ ಮಾಡುತ್ತವೆ.

ಅನುಮಾನವು ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. 1974ರಲ್ಲಿ ಲಂಡನ್ನಿನ ವೈದ್ಯರು ನಾಯಿಕೆಮ್ಮಿನ ಅಂಶವುಳ್ಳ ಲಸಿಕೆಯಾದ ಮೇಲೆ ನರಸಂಬಂಧವಾದ ರೋಗಕ್ಕೆ ತುತ್ತಾದ 36 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಬ್ರಿಟನ್ನಿನಲ್ಲಿ ಸುಮಾರು ಶೇಕಡಾ 80ರಷ್ಟಿದ್ದ ಲಸಿಕೆಯ ಪ್ರಮಾಣವು ಕೆಲವೇ ವರ್ಷಗಳಲ್ಲಿ ಸುಮಾರು 30ಕ್ಕೆ ಇಳಿಯಿತು. 1977-79ರಲ್ಲಿ ನಾಯಿಕೆಮ್ಮು ದೊಡ್ಡ ಪಿಡುಗಾಗಿ ಮರಳಿತು. 2006ರಲ್ಲಿ ಆಸ್ಟ್ರೇಲಿಯದ ಸಂಶೋಧಕರು, ಲಸಿಕೆಯಿಂದ ಮಿದುಳು ಕೆಟ್ಟಿತೆಂದು ನಂಬಿದ್ದ 14 ರೋಗಿಗಳನ್ನು ಪರೀಕ್ಷಿಸಿದಾಗ 11 ಮಂದಿಯಲ್ಲಿ ಒಂದೇ ಜೀನಿನ ದೋಷವು ಕಂಡುಬಂದಿತು. ಲಸಿಕೆಯ ಜ್ವರವು ಮೊದಲ ಸೆಳವನ್ನು ಕೆಣಕಿರಬಹುದು; ರೋಗದ ಬೀಜವು ಹುಟ್ಟಿನಿಂದಲೇ ಇದ್ದಿತು. ಆ ತಾಯಿತಂದೆಗಳ ಪ್ರತ್ಯಕ್ಷವು ಸುಳ್ಳಾಗಿರಲಿಲ್ಲ.

ಇಷ್ಟರಿಂದ ಎರಡನೆಯ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 1902ರ ಅಕ್ಟೋಬರ್ 30ರಂದು ಹಾಫ್ಕಿನ್ನನ ಲಸಿಕೆಯನ್ನು ಐದು ಸೀಸೆಗಳಿಂದ 107 ಮಂದಿಗೆ ಹಾಕಿದರು. ಒಂದು ವಾರದಲ್ಲಿ ಧನುರ್ವಾಯುವಿನ ಲಕ್ಷಣಗಳು ತೋರಿದವು. 19 ಮಂದಿ ಸತ್ತರು. ಅವರೆಲ್ಲರೂ ಒಂದೇ ಸೀಸೆಯಿಂದ ಮದ್ದು ಪಡೆದವರು. ಇಲ್ಲಿ ಅನ್ವಯವೂ ಇದೆ, ವ್ಯತಿರೇಕವೂ ಇದೆ: ಅದೇ ದಿನ, ಅದೇ ಊರು, ಅದೇ ಲಸಿಕೆ, ಆದರೆ ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ. ಆದುದರಿಂದ ದೋಷವು ಲಸಿಕೆಯ ತತ್ತ್ವದಲ್ಲಿರದೆ ಆ ಸೀಸೆಯ ಮಾಲಿನ್ಯದಲ್ಲಿದ್ದಿತು. ವಿಚಾರಣಾ ಸಮಿತಿಯು ಮಾಲಿನ್ಯವು ಮುಂಬಯಿಯ ಪ್ರಯೋಗಾಲಯದಲ್ಲೇ ಸೇರಿತೆಂದು ಭಾವಿಸಿತು. ಹಾಫ್ಕಿನ್ ಅಧಿಕಾರವನ್ನು ಕಳೆದುಕೊಂಡನು. ಸೀಸೆಯನ್ನು ತೆರೆಯುವಾಗ ಸಹಾಯಕನ ಚಿಮಟವು ನೆಲಕ್ಕೆ ಬಿದ್ದಿದ್ದಿತೆಂಬ, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದನೆಂಬ ಸಂಗತಿಗೆ ಸಲ್ಲಬೇಕಾದ ಬೆಲೆ ಆಗ ಸಲ್ಲಲಿಲ್ಲ. ರೊನಾಲ್ಡ್ ರಾಸ್ ಮೊದಲಾದವರು ವಾದಿಸಿದ ಮೇಲೆ 1907ರಲ್ಲಿ ಆತನು ದೋಷಮುಕ್ತನಾದನು.

ವಿರಳವಾಗಿ ಲಸಿಕೆಯೇ ಕಾರಣವಾಗುವುದೂ ಉಂಟು. 2021ರಲ್ಲಿ ನಾರ್ವೆಯಲ್ಲಿ ಆಕ್ಸ್‌ಫರ್ಡ್-ಆಸ್ಟ್ರಜೆನೆಕ ಲಸಿಕೆ ಪಡೆದ 1,30,000ಕ್ಕೂ ಹೆಚ್ಚು ಜನರಲ್ಲಿ ಐವರಿಗೆ ರಕ್ತವು ಅಸಾಧಾರಣವಾದ ರೀತಿಯಲ್ಲಿ ಹೆಪ್ಪುಗಟ್ಟಿತು; ರಕ್ತದ ಪ್ಲೇಟ್‌ಲೆಟ್ ಕಣಗಳೂ ಕುಗ್ಗಿದ್ದವು. ವೈದ್ಯರು ಇದನ್ನು ಕಾಕತಾಳೀಯವೆಂದು ತಳ್ಳಿಹಾಕದೆ ಪರೀಕ್ಷಿಸಿದುದರಿಂದ ಆ ಕಣಗಳ ಒಂದು ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಗಳು ಪತ್ತೆಯಾದವು. ರೋಗವನ್ನು ಗುರುತಿಸಿ ಚಿಕಿತ್ಸೆ ಮಾಡುವ ಕ್ರಮವೂ ಹಲವು ದೇಶಗಳಲ್ಲಿ ಯಾವ ವಯಸ್ಸಿನವರಿಗೆ ಆ ಲಸಿಕೆ ಕೊಡಬೇಕೆಂಬ ನಿಯಮವೂ ಅದರಿಂದ ಬದಲಾದವು.

ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಘಟನೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಲಸಿಕೆಯ ಸ್ವಭಾವದಿಂದ ಆದುದು, ತಯಾರಿಕೆಯ ದೋಷದಿಂದ ಆದುದು, ಹಾಕುವವರ ತಪ್ಪಿನಿಂದ ಆದುದು, ಆತಂಕದಿಂದ ಆದುದು, ಆಕಸ್ಮಿಕವಾಗಿ ಜೊತೆಗೂಡಿದುದು. ಮೇಲೆ ಕಂಡ ನಿದರ್ಶನಗಳನ್ನು ಈ ಐದರಲ್ಲಿ ಹಂಚಿನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು. ಯಾವ ಬಗೆಯೆಂದು ನಿರ್ಣಯಿಸಲು ಅನುಭವಿಸಿದವನ ಮಾತು ಮೊದಲನೆಯ ಸಾಮಗ್ರಿ. ಆದರೆ ಅದು ಖಚಿತವಾಗಿರಬೇಕು. ಯಾವ ದಿನ, ಯಾವ ಹೊತ್ತು, ಯಾವ ಮದ್ದು, ಯಾವ ಸೀಸೆ, ಎಷ್ಟು ಗಂಟೆಗಳ ಮೇಲೆ ಏನಾಯಿತು, ಮೊದಲೇ ಇದ್ದ ಕಾಯಿಲೆ ಏನು, ಇವನ್ನು ಬರೆದಿಡುವುದು ಹಾಕುವವರಿಗೂ ಹಾಕಿಸಿಕೊಳ್ಳುವವರಿಗೂ ಕರ್ತವ್ಯ. ಮುಲ್ಕೋವಾಲಿನಲ್ಲಿ ಯಾರಿಗೆ ಯಾವ ಸೀಸೆಯೆಂಬುದು ತಿಳಿಯದೆ ಹೋಗಿದ್ದರೆ, 19 ಮಂದಿಯ ಸಾವು ಲಸಿಕೆಯ ಮೇಲೆಯೇ ಬೀಳುತ್ತಿದ್ದಿತು.