ಮಧ್ಯಯುಗದ ಪುರಾತತ್ತ್ವ: ತರಗತಿಯ ಪಾಠ ಮತ್ತು ಕೋಟೆಯ ಉತ್ಖನನ

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸನು ಓಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಹತ್ತು ಬಾರಿ ನೋಡುತ್ತಾನೆ. ಇಂದು ತಪ್ಪಾಗಿ ಓದಿದ ಪಾಠವನ್ನು ನಾಳೆ ತಿದ್ದಿಕೊಳ್ಳಬಹುದು. ತಾನು ತಿದ್ದದಿದ್ದರೆ ಮುಂದಿನ ತಲೆಮಾರಿನ ಇನ್ನೊಬ್ಬನು ಅದೇ ಕಟ್ಟನ್ನು ಬಿಚ್ಚಿ ತಿದ್ದಿಯಾನು. ಆದರೆ ಓದಿದೊಡನೆಯೇ ಗರಿ ಬೂದಿಯಾಗಿ ಹೋಗುವಂತಿದ್ದರೆ ಸಂಪಾದಕನ ಗತಿಯೇನು? ನೆಲವನ್ನು ಅಗೆದು ಗತಕಾಲವನ್ನು ತಿಳಿಯಹೊರಟ ಪುರಾತತ್ತ್ವಜ್ಞನ ಸ್ಥಿತಿ ಇಂಥದು. ಮೇಲಿನ ಸ್ತರವನ್ನು ತೆಗೆಯದೆ ಕೆಳಗಿನದು ಕಾಣದು. ತೆಗೆದ ಮೇಲೆ ಮೇಲಿನದು ಇಲ್ಲ. ಉಳಿಯುವುವು ಅವನು ಬರೆದಿಟ್ಟ ನಕ್ಷೆ, ಟಿಪ್ಪಣಿ, ಛಾಯಾಚಿತ್ರಗಳು ಮಾತ್ರ. ಆದುದರಿಂದ ಈ ವಿದ್ಯೆಯ ಶಿಕ್ಷಣದಲ್ಲಿ ತರಗತಿಯ ಪಾಲೆಷ್ಟು, ಅಗೆಯುವ ನೆಲದ ಪಾಲೆಷ್ಟು ಎಂಬುದು ಬರಿಯ ಪಠ್ಯಕ್ರಮದ ಪ್ರಶ್ನೆಯಲ್ಲ. ಬ್ರಿಟನ್ನಿನ ವೇಲ್ಸ್ ಗಡಿಯಲ್ಲಿರುವ ಕೋಟೆಯೊಂದರ ನಿದರ್ಶನದಿಂದ ಇದನ್ನು ವಿವರಿಸಬಹುದು.

ಲಿಖಿತ ದಾಖಲೆಗಳು ಹೇರಳವಾಗಿರುವ ಮಧ್ಯಯುಗಕ್ಕೆ ಉತ್ಖನನವೇಕೆ ಎಂಬ ಸಂದೇಹ ಬಹುಕಾಲ ವಿದ್ವಾಂಸರಲ್ಲಿಯೇ ಇತ್ತು. ದಾಖಲೆಗಳನ್ನು ಬರೆಸಿದವರು ಅರಸರು, ಮಠಾಧಿಪತಿಗಳು, ತೆರಿಗೆಯ ಅಧಿಕಾರಿಗಳು. ಅಡುಗೆಯ ಮಡಕೆ, ಮನೆಯ ತೊಲೆ, ದನದ ಕೊಟ್ಟಿಗೆ ಅವರಿಗೆ ಬೇಕಾದ ವಿಷಯಗಳಲ್ಲ. ಈ ಕೊರತೆಯ ಅರಿವು ಬಲಿತಂತೆ ಬ್ರಿಟನ್ನಿನಲ್ಲಿ 1957ರಲ್ಲಿ ಮಧ್ಯಯುಗೀನ ಪುರಾತತ್ತ್ವಕ್ಕೆಂದೇ ಒಂದು ವಿದ್ವತ್ಸಂಘ ಸ್ಥಾಪಿತವಾಯಿತು.

ಈ ಶಾಸ್ತ್ರವನ್ನು ಕಲಿಯಬಂದ ವಿದ್ಯಾರ್ಥಿಗೆ ತರಗತಿಯಲ್ಲಿ ದೊರೆಯುವುದು ಅಲ್ಪವೇನಲ್ಲ. ಮಡಕೆಯ ಅಂಚಿನ ಆಕಾರದಿಂದ ಕಾಲವನ್ನು ಗುರುತಿಸುವುದು, ಲ್ಯಾಟಿನ್ ದಾಖಲೆಗಳನ್ನು ಅರ್ಥೈಸುವುದು, ಭೂಮಾಪನ, ಮರದ ಬೆಳವಣಿಗೆಯ ಉಂಗುರಗಳನ್ನೆಣಿಸಿ ವರ್ಷವನ್ನು ನಿರ್ಧರಿಸುವ ಕ್ರಮ, ಇವೆಲ್ಲ ಅಲ್ಲಿಯೇ ಕಲಿಯತಕ್ಕವು. ಇಂಗಾಲ-14ರ ಪರೀಕ್ಷೆಯ ಮಿತಿಯನ್ನೂ ಅಲ್ಲಿಯೇ ತಿಳಿಯಬೇಕು: ಹಲವು ದಶಕಗಳ ಹೆಚ್ಚುಕಡಿಮೆಯನ್ನು ಉಳಿಸುವ ಆ ವಿಧಾನ ಶಿಲಾಯುಗಕ್ಕೆ ಸಾಕಾದೀತು, ತಂದೆಯ ಕಾಲದ ಗೋಡೆಯನ್ನು ಮಗನ ಕಾಲದ ಗೋಡೆಯಿಂದ ಬೇರ್ಪಡಿಸಲು ಸಾಲದು. ಹಿಂದಿನವರ ವಾದವಿವಾದಗಳ ಪರಿಚಯವೂ ತರಗತಿಯದೇ. ಇಂಗ್ಲೆಂಡಿನಲ್ಲಿ ಅಲ್ಲಲ್ಲಿ ಕಾಣುವ ಕಡಿದಾದ ಮಣ್ಣಿನ ದಿಬ್ಬಗಳು ಸ್ಯಾಕ್ಸನ್ ಜನರವೆಂದು ಜಿ. ಟಿ. ಕ್ಲಾರ್ಕ್ 1884ರಲ್ಲಿ ಪ್ರತಿಪಾದಿಸಿದ್ದರು. ಎಲಾ ಆರ್ಮಿಟೇಜ್ ಎಂಬ ವಿದುಷಿ ದಾಖಲೆಗಳನ್ನೂ ಸ್ಥಳಗಳನ್ನೂ ಒಂದೊಂದಾಗಿ ತಾಳೆನೋಡಿ, ಅವು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕೋಟೆಗಳೆಂದು 1912ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು. ಆ ವಿಜಯವನ್ನು ಚಿತ್ರಿಸುವ ಬಾಯೊ ಕಸೂತಿಪಟದಲ್ಲಿ ಹೇಸ್ಟಿಂಗ್ಸ್‌ನಲ್ಲಿ ಆಳುಗಳು ಇಂಥ ದಿಬ್ಬವನ್ನು ಒಟ್ಟುತ್ತಿರುವ ದೃಶ್ಯವೇ ಇದೆ.

ದಿಬ್ಬ, ಅದರ ನೆತ್ತಿಯಲ್ಲಿ ಮರದ ಗೋಪುರ, ಬುಡದಲ್ಲಿ ಕಂದಕ ಮತ್ತು ಮಣ್ಣಿನ ಏರಿಗಳಿಂದ ಸುತ್ತುವರಿದ ಅಂಗಳ — ಇದು ಆ ಕೋಟೆಗಳ ಸ್ವರೂಪ. ಕಲ್ಲಿನ ಕೋಟೆಗಳನ್ನೇ ಕಂಡ ನಮ್ಮ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಮರವೆಲ್ಲ ಕೊಳೆತುಹೋದ ಮೇಲೆ ಉಳಿಯುವುದು ಹುಲ್ಲು ಬೆಳೆದ ಒಂದು ಗುಡ್ಡೆ ಮಾತ್ರ. ವೇಲ್ಸ್‌ನ ಮಾಂಟ್‌ಗಮರಿ ಪಟ್ಟಣದ ಸಮೀಪ ಸೆವರ್ನ್ ನದಿಯ ಹಾಯ್ಗಡವನ್ನು ಕಾಯುವಂತೆ ನಿಂತಿರುವ ಹೆನ್ ಡೊಮೆನ್ ಇಂಥದು. ವೆಲ್ಷ್ ಭಾಷೆಯಲ್ಲಿ ಆ ಹೆಸರಿಗೆ ‘ಹಳೆಯ ದಿಬ್ಬ’ವೆಂದೇ ಅರ್ಥ. ಶ್ರೂಸ್‌ಬರಿಯ ಸಾಮಂತನಾದ ರೋಜರ್ 1070ರ ದಶಕದಲ್ಲಿ ಇದನ್ನು ಕಟ್ಟಿಸಿ, ನಾರ್ಮಂಡಿಯ ತನ್ನ ಊರಾದ ಮಾಂಟ್‌ಗಮರಿಯ ಹೆಸರನ್ನಿಟ್ಟನು. ಅವನ ಮಗನು 1102ರಲ್ಲಿ ಅರಸನ ವಿರುದ್ಧ ದಂಗೆಯೆದ್ದು ಎಲ್ಲವನ್ನೂ ಕಳೆದುಕೊಂಡ ಮೇಲೆ ಕೋಟೆ ಬಾಲ್ಡ್ವಿನ್ ಎಂಬವನ ವಶವಾಯಿತು. ವೆಲ್ಷ್ ಜನ ಇಂದಿಗೂ ಪಟ್ಟಣವನ್ನು ಕರೆಯುವುದು ‘ಬಾಲ್ಡ್ವಿನ್ನನ ಊರು’ ಎಂಬರ್ಥದ ಹೆಸರಿನಿಂದ. ಕಟ್ಟಿಸಿದವನ ಊರು ಇಂಗ್ಲಿಷಿನಲ್ಲಿ, ಅನಂತರ ಬಂದವನ ಹೆಸರು ವೆಲ್ಷ್‌ನಲ್ಲಿ ಉಳಿದಿರುವುದನ್ನು ಸ್ಥಳನಾಮಗಳ ಅಭ್ಯಾಸಿಗಳು ಗಮನಿಸಬೇಕು.

1960ರಲ್ಲಿ ಇಲ್ಲಿ ಉತ್ಖನನವನ್ನು ಆರಂಭಿಸಿದ ಫಿಲಿಪ್ ಬಾರ್ಕರ್ ಮೂಲತಃ ಶಾಲೆಯೊಂದರ ಚಿತ್ರಕಲೆಯ ಅಧ್ಯಾಪಕರು. ಬಣ್ಣದ ಸೂಕ್ಷ್ಮಗಳನ್ನು ಬಲ್ಲ ಕಣ್ಣು ಈ ಕೆಲಸಕ್ಕೆ ಒದಗಿದುದು ಆಕಸ್ಮಿಕವೆಂದು ನನಗನಿಸುವುದಿಲ್ಲ. ಅವರೂ ಮುಂದೆ ಅವರ ಸಹೋದ್ಯೋಗಿಯಾದ ರಾಬರ್ಟ್ ಹೈಯಮ್ ಅವರೂ ವಿದ್ಯಾರ್ಥಿಗಳು ಮತ್ತು ಸ್ವಯಂಸೇವಕರ ನೆರವಿನಿಂದ 1992ರವರೆಗೆ, ಎಂದರೆ ಮೂವತ್ತೆರಡು ವರ್ಷಗಳ ಅವಧಿಯಲ್ಲಿ, ಈ ಕೆಲಸವನ್ನು ನಡೆಸಿದರು.

ಇಷ್ಟು ದೀರ್ಘಕಾಲವೇಕೆ ಬೇಕಾಯಿತೆಂಬುದನ್ನು ತಿಳಿಯಲು ಅಗೆಯುವ ವಿಧಾನವನ್ನು ತಿಳಿಯಬೇಕು. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರ ಹೆಸರು ಕನ್ನಡಿಗರಿಗೆ ಪರಿಚಿತವಾದುದು. ಅಲ್ಲಿ ಸ್ತರಗಳ ಅನುಕ್ರಮದಿಂದಲೇ ಕಲ್ಲುಕೊಡಲಿಯ ಸಂಸ್ಕೃತಿ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಸಾತವಾಹನರ ಕಾಲ ಎಂಬ ಕ್ರಮವನ್ನು ಅವರು ತೋರಿಸಿದರು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆಗಳನ್ನುಳಿಸಿ, ಆ ಗೋಡೆಗಳ ಪಾರ್ಶ್ವದಲ್ಲಿ ಸ್ತರಗಳನ್ನು ಓದುವುದು ಅವರು ಪ್ರಚುರಗೊಳಿಸಿದ ಪದ್ಧತಿ. 1944ರಲ್ಲಿ ತಕ್ಷಶಿಲೆಯಲ್ಲಿ ಅವರು ನಡೆಸಿದ ತರಬೇತಿ ಶಾಲೆಯಿಂದ ನಮ್ಮ ದೇಶದ ಒಂದು ತಲೆಮಾರೇ ಅವರಿಂದ ಉತ್ಖನನ ಕ್ರಮವನ್ನು ಕಲಿಯಿತು. ಕಾಲಾನುಕ್ರಮವನ್ನು ತಿಳಿಯಲು ಈ ಪದ್ಧತಿ ಸಮರ್ಥವಾದುದೇ. ಮರದ ಕಟ್ಟಡಗಳ ವಿಷಯದಲ್ಲಿ ಅದು ಸೋಲುತ್ತದೆ. ಮನೆಯ ಮೂರು ಕಂಬಗಳ ಗುರುತು ಚೌಕದೊಳಗೆ ಬಿದ್ದು ನಾಲ್ಕನೆಯದು ಅಗೆಯದ ಗೋಡೆಯಡಿ ಅಡಗಿದರೆ ಮನೆಯೇ ಕಾಣದು. ಆದಕಾರಣ ಬಾರ್ಕರ್ ಗೋಡೆಗಳನ್ನುಳಿಸದೆ ವಿಶಾಲವಾದ ನೆಲವನ್ನು ಒಟ್ಟಿಗೆ ತೆರೆದು, ಒಂದು ಸ್ತರವನ್ನು ಪೂರ್ಣವಾಗಿ ಓದಿದ ಮೇಲೆಯೇ ಮುಂದಿನದಕ್ಕೆ ಇಳಿಯುವ ಕ್ರಮವನ್ನು ಅನುಸರಿಸಿದರು. 1977ರಲ್ಲಿ ಪ್ರಕಟವಾದ ಅವರ ಉತ್ಖನನ ತಂತ್ರಗಳ ಗ್ರಂಥ ಈ ಕ್ರಮದ ಪ್ರತಿಪಾದನೆ.

ವಿದ್ಯಾರ್ಥಿ ಇಲ್ಲಿ ಮೊಣಕಾಲೂರಿ ಕರಣೆಯಿಂದ ಮಣ್ಣನ್ನು ಕೆರೆಯುತ್ತಾನೆ. ಅವನು ಹುಡುಕುವುದು ನಿಧಿಯನ್ನಲ್ಲ, ಮಣ್ಣಿನ ಬಣ್ಣದ ವ್ಯತ್ಯಾಸವನ್ನು. ಕಂಬ ಕೊಳೆತ ಕುಳಿಯಲ್ಲಿ ತುಂಬಿದ ಮಣ್ಣು ಸುತ್ತಣ ಮಣ್ಣಿಗಿಂತ ತುಸು ಕಪ್ಪು, ತುಸು ಮೆದು. ಹಸಿ ನೆಲದಲ್ಲಿ ಕಂಡ ಆ ಭೇದ ಬಿಸಿಲಿಗೆ ಒಣಗಿದರೆ ಮರೆಯಾಗುತ್ತದೆ. ಮೊದಲ ಹಂತದ ಕಟ್ಟಡಗಳು ದಪ್ಪ ತೊಲೆಗಳವಾದುದರಿಂದ ಅವುಗಳ ಗುರುತು ಸ್ಪಷ್ಟವಾಗಿಯೇ ಇತ್ತು. ದಿಬ್ಬದ ಬುಡದಲ್ಲಿ ಒಂದು ಭಾರಿ ಕಟ್ಟಡವೂ ದಿಬ್ಬವನ್ನೇರುವ ಸೇತುವೆಯೂ ಇದ್ದುವು. ಮುಂದಿನ ಹಂತಗಳಲ್ಲಿ ಅನೇಕ ಮನೆಗಳಿಗೆ ಕಂಬದ ಕುಳಿಗಳೇ ಇರಲಿಲ್ಲ. ನೆಲದ ಮೇಲೆ ಅಡ್ಡತೊಲೆಯಿಟ್ಟು ಅದರ ಮೇಲೆ ಗೋಡೆಯನ್ನೆಬ್ಬಿಸಿದ್ದರು. ಅಂಥ ಮನೆಯ ಸಾಕ್ಷ್ಯವೆಂದರೆ ಹರಳುಗಲ್ಲು ಹಾಸಿದ ಅಂಗಳದಲ್ಲಿ ಹರಳುಗಳಿಲ್ಲದ ಒಂದು ಆಯತ, ಇಲ್ಲವೆ ತುಳಿತದಿಂದ ಸವೆಯದೆ ಉಳಿದ ಒಂದು ಪಟ್ಟಿ. ಪ್ರತಿಯೊಂದು ಕಲ್ಲನ್ನೂ ನಕ್ಷೆಯಲ್ಲಿ ಬರೆದಾಗಲೇ ಇದು ಗೋಚರವಾಗುವುದು. ಒಂದೆರಡು ಕಿರಿದಾದ ಗುಂಡಿಗಳನ್ನು ತೋಡಿ ನೋಡಿದ್ದರೆ, 12ನೆಯ ಶತಮಾನದ ಮಧ್ಯದಲ್ಲಿ ಮನೆಗಳಿಂದ ಕಿಕ್ಕಿರಿದಿದ್ದ ಈ ಅಂಗಳವನ್ನು ಬಯಲೆಂದೇ ಬರೆದುಬಿಡುತ್ತಿದ್ದರು. ಅವಸರದ ಉತ್ಖನನಗಳಲ್ಲಿ ಹೀಗೆ ಓದುವ ಮುನ್ನವೇ ನಾಶವಾದ ಮನೆಗಳೆಷ್ಟೋ!

ನೆಲದ ಸಾಕ್ಷ್ಯಕ್ಕೆ ಗ್ರಂಥದ ಸಾಕ್ಷ್ಯ ಕೂಡಿಬಂದ ಪ್ರಸಂಗವೂ ಇಲ್ಲಿದೆ. ಕೋಟೆಯ ಅತ್ಯಂತ ಕೆಳಗಿನ ಸ್ತರವನ್ನೂ ದಾಟಿದಾಗ ಏರುಸಾಲು ಇಳಿಸಾಲುಗಳಾಗಿ ಉತ್ತ ಹೊಲವೊಂದು ಕಂಡುಬಂದಿತು. ಅದು ನಾರ್ಮನ್ನರಿಗಿಂತ ಹಿಂದಿನದು. 1086ರ ಡೂಮ್ಸ್‌ಡೇ ದಾಖಲೆಯಾದರೋ, ಕೋಟೆಗೆ ಮೊದಲು ಈ ಪ್ರದೇಶ ಮೂವರು ಒಡೆಯರ ಬೇಟೆಯ ನೆಲವಾಗಿತ್ತೆನ್ನುತ್ತದೆ. ದಾಖಲೆಯನ್ನಷ್ಟೇ ಓದಿದವನಿಗೆ ಇದು ಎಂದಿನಿಂದಲೂ ಕಾಡು. ಹೊಲವನ್ನಷ್ಟೇ ಕಂಡವನಿಗೆ ಇದು ಕೋಟೆ ಬರುವವರೆಗೂ ಸಾಗುವಳಿಯ ನೆಲ. ಎರಡನ್ನೂ ಬಲ್ಲವನಿಗೆ ಮಾತ್ರ, ಉಳುತ್ತಿದ್ದ ಜನ ಬಿಟ್ಟುಹೋದ ಮೇಲೆ ಹೊಲ ಬೀಳುಬಿದ್ದು ಬೇಟೆಯ ತಾಣವಾಗಿದ್ದಿರಬೇಕೆಂಬುದು ಹೊಳೆಯುತ್ತದೆ. ಆ ಬೇಸಾಯಗಾರರ ಬಗೆಗೆ ಆ ದಾಖಲೆ ಒಂದು ಮಾತನ್ನೂ ಹೇಳಿಲ್ಲ.

ದೊರೆತ ವಸ್ತುಗಳಾದರೋ ತೀರ ಸಾಮಾನ್ಯವಾದುವು: ಒರಟು ಮಡಕೆಯ ಚೂರುಗಳು, ಪ್ರಾಣಿಗಳ ಮೂಳೆಗಳು. ಗಡಿಯ ಒಡೆಯರ ಬಾಳು ವೈಭವದ್ದಾಗಿರಲಿಲ್ಲವೆಂಬುದನ್ನು ಈ ಬಡತನವೇ ಸಾರುತ್ತದೆ. ಮೂರನೆಯ ಹೆನ್ರಿ 1223ರಲ್ಲಿ ಸುಮಾರು ಒಂದು ಮೈಲಿ ದೂರದ ಬಂಡೆಯ ಮೇಲೆ ಕಲ್ಲಿನ ಹೊಸ ಕೋಟೆಯನ್ನು ಕಟ್ಟಲಾರಂಭಿಸಿದ ಮೇಲೆ ಹಳೆಯದು ಹಾಯ್ಗಡದ ಕಾವಲಿಗಾಗಿ ಆ ಶತಮಾನದ ಕೊನೆಯ ಸುಮಾರಿನವರೆಗೆ ಉಳಿದು, ಅನಂತರ ಪಾಳುಬಿದ್ದಿತು.

ಮೂರು ದಶಕಗಳ ಈ ದುಡಿಮೆಯಲ್ಲಿ ಪೂರ್ಣವಾಗಿ ಓದಲಾದುದು ಕೋಟೆಯ ಅಂಗಳದ ಸರಿಸುಮಾರು ಅರ್ಧದಷ್ಟು. ಮಿಕ್ಕರ್ಧವನ್ನು ಬಿಚ್ಚದ ಓಲೆಯ ಕಟ್ಟಿನಂತೆ ಹುಲ್ಲಿನಡಿಯಲ್ಲಿಯೇ ಬಿಡಲಾಗಿದೆ.